ಬ್ರೇಕ್ ತುಳಿದರೆ ಎರಡು ರೂಪಾಯಿ

ಹೊಸ ಕಾರು ತಗೊಂಡವರನ್ನು ನಮ್ಮ ಜನ ಮೊದಲು ಕೇಳುವ ಪ್ರಶ್ನೆ ಒಂದೇ, "ಎಷ್ಟು ಮೈಲೇಜ್ ಕೊಡುತ್ತೆ?" ಬಣ್ಣ ಆಮೇಲೆ, ಏರ್‌ಬ್ಯಾಗ್ ಎಷ್ಟಿವೆ ಅನ್ನೋದು ಅದಕ್ಕೂ ಆಮೇಲೆ. ಆರು ತಿಂಗಳು ಬಿಟ್ಟು ಅದೇ ಮನುಷ್ಯನನ್ನು ಮಾತಾಡಿಸಿ. "ಕಂಪನಿಯವರು ಇಪ್ಪತ್ತೆರಡು ಅಂದಿದ್ರು, ಬೆಂಗಳೂರಲ್ಲಿ ಹನ್ನೆರಡು ದಾಟಲ್ಲ, ಬರೀ ಮೋಸ" ಅಂತಾರೆ. ಇವತ್ತಿನ ಮಾತು ನಡುವೆ ಕಾಣೆಯಾದ ಆ ಹತ್ತು ಕಿಲೋಮೀಟರ್ ಬಗ್ಗೆ. ಒಂದಷ್ಟನ್ನು ವಾಪಸ್ ತರಬಹುದು. ಪೂರ್ತಿ ಬರಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಆ ಇಪ್ಪತ್ತೆರಡು ಹುಟ್ಟಿದ್ದು ರಸ್ತೆಯಲ್ಲಿ ಅಲ್ಲ. ಪುಣೆಯ ಎಆರ್‌ಎಐ ತರಹದ ಪರೀಕ್ಷಾ ಕೇಂದ್ರದಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ನಿಂತ ಜಾಗದಲ್ಲೇ ಚಕ್ರ ತಿರುಗಿಸಿ ಅಳೆಯುತ್ತಾರೆ. ಸುಮಾರು 20 ನಿಮಿಷದ ಓಟ. ವೇಗ 90 ದಾಟುವುದಿಲ್ಲ, ಎಸಿ ಆಫ್. ಯಾವ ಸೆಕೆಂಡಿನಲ್ಲಿ ಎಷ್ಟು ವೇಗ ಇರಬೇಕು ಅನ್ನೋದು ಮೊದಲೇ ಗೊತ್ತಾಗಿರುತ್ತದೆ, ಡ್ರೈವರ್ ಸ್ಕ್ರೀನ್ ನೋಡಿಕೊಂಡು ಅದನ್ನು ಪಾಲಿಸಿದರೆ ಆಯಿತು. ಅಡ್ಡ ನುಗ್ಗುವ ಆಟೋ ಇಲ್ಲ, ಹಸು ಇಲ್ಲ, ರಾಂಗ್ ಸೈಡಲ್ಲಿ ಬರುವ ಸ್ಕೂಟರ್ ಇಲ್ಲ. ಇದನ್ನು ಮೋಸ ಅಂತ ನಾನು ಹೇಳಲ್ಲ. ಎರಡು ಕಾರುಗಳನ್ನು ಹೋಲಿಸಲು ಒಂದೇ ಅಳತೆಗೋಲು ಬೇಕಲ್ವಾ, ಅಷ್ಟಕ್ಕೆ ಅದು ಸರಿ. ತಿಂಗಳ ಪೆಟ್ರೋಲ್ ಖರ್ಚು ಲೆಕ್ಕ ಹಾಕೋಕೆ ಅದು ಉಪಯೋಗಕ್ಕೆ ಬರಲ್ಲ.

ನಿಮ್ಮ ನಂಬರ್ ನೀವೇ ಕಂಡುಹಿಡಿಯಬೇಕು. ಬಂಕ್‌ನಲ್ಲಿ ಗನ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುನ್ನೂರು ನಾನೂರು ಕಿಲೋಮೀಟರ್ ಓಡಿಸಿ, ಆದಷ್ಟು ಅದೇ ಪಂಪಿಗೆ ಬಂದು ಮತ್ತೆ ಆಟೋ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ, ಅಷ್ಟೇ. ಡ್ಯಾಶ್‌ಬೋರ್ಡ್ ತೋರಿಸುವ ನಂಬರ್ ಎಷ್ಟೋ ಕಾರುಗಳಲ್ಲಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅದನ್ನು ನೋಡಿ ಖುಷಿಪಡಿ, ಬೇಡ ಅನ್ನಲ್ಲ, ಆದರೆ ಲೆಕ್ಕಕ್ಕೆ ತಗೋಬೇಡಿ.

ಈಗ ಅಸಲಿ ವಿಷಯ. ಪೆಟ್ರೋಲ್ ಎಲ್ಲಿ ಹಾಳಾಗುತ್ತದೆ ಅಂತ ಕೇಳಿದರೆ ಎಲ್ಲರೂ ಆಕ್ಸಿಲರೇಟರ್ ಕಡೆ ಬೆರಳು ತೋರಿಸುತ್ತಾರೆ. ನಾನು ಬ್ರೇಕ್ ತೋರಿಸುತ್ತೇನೆ. ಲೆಕ್ಕ ನೋಡಿ. ಜನ, ಲಗೇಜ್ ಎಲ್ಲ ಸೇರಿ 1,200 ಕಿಲೋ ತೂಗುವ ಸಣ್ಣ ಕಾರು. ಅದನ್ನು ನಿಂತಲ್ಲಿಂದ ಗಂಟೆಗೆ 60 ಕಿ.ಮೀ. ವೇಗಕ್ಕೆ ತರಲು ಸುಮಾರು 20 ಮಿಲಿ ಪೆಟ್ರೋಲ್ ಬೇಕು, ಯಾಕಂದ್ರೆ ಸುಡುವ ಪೆಟ್ರೋಲಿನ ಮುಕ್ಕಾಲು ಪಾಲು ಬರೀ ಬಿಸಿಯಾಗಿ ಎಂಜಿನ್ನು, ಸೈಲೆನ್ಸರಿನಲ್ಲೇ ಹೋಗುತ್ತದೆ, ಕಾಲು ಭಾಗ ಚಕ್ರಕ್ಕೆ ಮುಟ್ಟಿದರೆ ಪುಣ್ಯ. ಲೀಟರಿಗೆ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ, 20 ಮಿಲಿ ಅಂದರೆ ಎರಡು ರೂಪಾಯಿ. ಸಿಗ್ನಲ್ ಕೆಂಪಾಗಿದ್ದು ಕಾಣುತ್ತಿದ್ದರೂ ಅದೇ ವೇಗದಲ್ಲಿ ಹೋಗಿ ಕೊನೇ ಗಳಿಗೆಯಲ್ಲಿ ಗಕ್ಕನೆ ಬ್ರೇಕ್ ಹಾಕಿದಿರಾ? ಆ ಎರಡು ರೂಪಾಯಿ ಬ್ರೇಕ್ ಡಿಸ್ಕ್ ಬಿಸಿ ಮಾಡಿ ಗಾಳಿಗೆ ಹೋಯಿತು. ಹಸಿರು ಬಂದ ಮೇಲೆ ಇನ್ನೆರಡು ರೂಪಾಯಿ ಹಾಕಿ ಹೊರಡಬೇಕು. ನಮ್ಮ ಬಡಾವಣೆಗಳ ಹಂಪ್‌ಗಳೂ ಹಾಗೇ. ಎರಡು ಹಂಪ್ ನಡುವಿನ ಅಷ್ಟು ಜಾಗದಲ್ಲೇ 40ಕ್ಕೆ ಏರಿಸಿ ಮತ್ತೆ ಇಳಿಸಿದರೆ ಹಂಪಿಗೊಂದು ಹತ್ತಿರ ಹತ್ತಿರ ಒಂದು ರೂಪಾಯಿ. 25ರಲ್ಲೇ ಸಾಗಿದರೆ ಅದರ ಅರ್ಧವೂ ಆಗಲ್ಲ, ತಡ ಆಗುವುದೂ ನಾಲ್ಕು ಸೆಕೆಂಡ್. ಹೈಬ್ರಿಡ್ ಗಾಡಿಗಳು ಸಿಟಿಯಲ್ಲಿ ಅಷ್ಟು ಮೈಲೇಜ್ ಕೊಡಲು ಇದೂ ಒಂದು ಕಾರಣ, ಬ್ರೇಕಿನಲ್ಲಿ ಹೋಗುವುದನ್ನು ಒಂದಷ್ಟು ಬ್ಯಾಟರಿಗೆ ಹಾಕಿಕೊಳ್ಳುತ್ತವೆ. ನಮ್ಮ ನಿಮ್ಮ ಕಾರಿಗೆ ಆ ಭಾಗ್ಯ ಇಲ್ಲ.

ಬೆಂಗಳೂರಿನ ಕಥೆ ಇಲ್ಲೇ ಇದೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ವರದಿಯಲ್ಲಿ ನಗರದ ನಡುವೆ 10 ಕಿ.ಮೀ. ಹೋಗಲು 29 ನಿಮಿಷ 10 ಸೆಕೆಂಡ್ ಅಂತ ಬಂದಿತ್ತು. ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಸಿಲ್ಕ್ ಬೋರ್ಡ್ ಕಡೆಯಿಂದ ದಿನಾ ಬರುವವರು "ಇಪ್ಪತ್ತಾ? ಅಷ್ಟು ಸ್ಪೀಡಾ?" ಅಂತ ನಕ್ಕಾರು. ಆ ಅರ್ಧ ಗಂಟೆಯಲ್ಲಿ ಗಾಡಿ ಎಷ್ಟು ಸಲ ನಿಂತು ಹೊರಡುತ್ತದೆ ನೀವೇ ಯೋಚಿಸಿ. ಮೇಲೆ ನಿಂತಾಗಲೂ ಎಂಜಿನ್ ಓಡುತ್ತಿರುತ್ತದೆ, ಎಸಿ ಹಾಕಿದ್ದರೆ ನಿಮಿಷಕ್ಕೆ ಒಂದು ರೂಪಾಯಿ ಆಸುಪಾಸು ಖರ್ಚು. ಸಿಗ್ನಲ್‌ನಲ್ಲಿ ಟೈಮರ್ 90 ಅಂತ ತೋರಿಸುತ್ತಿದ್ದರೆ ಕೀ ತಿರುಗಿಸಿ ಆಫ್ ಮಾಡಿ, ಸ್ಟಾರ್ಟ್ ಮಾಡುವಾಗ ಜಾಸ್ತಿ ಕುಡಿಯುತ್ತೆ ಅನ್ನೋದೆಲ್ಲ ಕಾರ್ಬ್ಯುರೇಟರ್ ಕಾಲದ ಮಾತು.

ಹಾಗಾದರೆ ಮಾಡೋದೇನು? ಮುಂದಿನ ಗಾಡಿಯ ಬಂಪರ್ ನೋಡಿಕೊಂಡು ಓಡಿಸಬೇಡಿ, ಅದರ ಮುಂದಿನ ಗಾಡಿ, ಅದರಾಚೆಯ ಸಿಗ್ನಲ್ ನೋಡಿ. ನಿಲ್ಲಬೇಕಾಗುತ್ತದೆ ಅಂತ ಗೊತ್ತಾದ ಕೂಡಲೇ ಆಕ್ಸಿಲರೇಟರಿಂದ ಕಾಲು ತೆಗೆಯಿರಿ, ಗೇರ್ ಹಾಗೇ ಇರಲಿ, ಗಾಡಿ ತಾನೇ ನಿಧಾನ ಆಗುತ್ತದೆ. "ಜಾಗ ಬಿಟ್ಟರೆ ಬೈಕ್ ತೂರುತ್ತೆ" ಅಂತೀರಿ. ತೂರಲಿ ಬಿಡಿ. ಮುಂದಿನ ಸಿಗ್ನಲ್‌ನಲ್ಲಿ ಇಬ್ಬರೂ ಅಕ್ಕಪಕ್ಕವೇ ನಿಂತಿರುತ್ತೀರಿ.

ಗೇರ್ ಹಾಗೇ ಇರಲಿ ಅಂದೆನಲ್ಲ, ಅದಕ್ಕೆ ಜಗಳಕ್ಕೆ ಬರುವವರು ಇದ್ದಾರೆ. ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತೆ ಅಂತ ಹೇಳಿಕೊಟ್ಟ ಮಾವಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಇವತ್ತಿನ ಫ್ಯೂಯಲ್ ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ, ಕಂಪ್ಯೂಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರಿಹೋಗದಂತೆ ಅದು ಮತ್ತೆ ಪೆಟ್ರೋಲ್ ಸುಡಬೇಕು. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ನ್ಯೂಟ್ರಲ್‌ನಲ್ಲಿ ಇಳಿಯುವವರು ಗೇರಿನಲ್ಲಿದ್ದಾಗ ಗಾಡಿಯನ್ನು ತಡೆದು ಹಿಡಿಯುವ ಎಂಜಿನ್ ಬ್ರೇಕನ್ನು ಕಳೆದುಕೊಳ್ಳುತ್ತಾರೆ, ಬ್ರೇಕ್ ಒಂದನ್ನೇ ನೆಚ್ಚಿಕೊಂಡು ಅದನ್ನು ಕಾಯಿಸಿ ಕಾಯಿಸಿ ಕೊನೆಗೆ ಅದೂ ಹಿಡಿಯದ ಹಾಗೆ ಮಾಡಿಕೊಳ್ಳುತ್ತಾರೆ. ಉಳಿಯುವುದು ಸೊನ್ನೆ, ಹೋದರೆ ಪ್ರಾಣ.

ಹೈವೇಯಲ್ಲಿ ಲೆಕ್ಕ ಬೇರೆ, ಅಲ್ಲಿ ಶತ್ರು ಗಾಳಿ. ವೇಗ 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಬೆಂಗಳೂರು ಮೈಸೂರು ಹೈವೇ ಸುಮಾರು 120 ಕಿ.ಮೀ. ಅಂತ ಹಿಡಿಯಿರಿ. 100ರಲ್ಲಿ ಹೋದರೆ 72 ನಿಮಿಷ, 80ರಲ್ಲಿ 90 ನಿಮಿಷ. 18 ನಿಮಿಷದ ವ್ಯತ್ಯಾಸ, ಮದ್ದೂರಲ್ಲಿ ವಡೆಗೆ ನಿಂತರೆ ಅಷ್ಟು ಹೊತ್ತು ಹೋಗಿಬಿಡುತ್ತದೆ. ಧರ್ಮಸ್ಥಳಕ್ಕೆ ಹೋಗುವಾಗ ಕಟ್ಟಿದ ರೂಫ್ ಕ್ಯಾರಿಯರ್ ಇನ್ನೂ ಮೇಲೆ ಇದ್ದರೆ ಇವತ್ತೇ ಬಿಚ್ಚಿ. ಕಿಟಕಿ ಮುಚ್ಚಿ ಎಸಿ ಹಾಕಿಕೊಳ್ಳಿ, ಹೈವೇಯಲ್ಲಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಗಾಡಿಯ ಕಡೆಯಿಂದ ನೋಡೋದು ಎರಡು ಮೂರು ಸಂಗತಿ. ಟೈರ್ ಗಾಳಿ. ಬಂಕ್‌ನಲ್ಲಿ ಹುಡುಗ "ಎಷ್ಟು ಹಾಕ್ಲಿ ಸಾರ್?" ಅಂದರೆ "ಎಷ್ಟು ಹಾಕ್ತಾರೋ ಅಷ್ಟು ಹಾಕಪ್ಪ" ಅನ್ನುವವರೇ ಜಾಸ್ತಿ. ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇದೆ, ಸರಿಯಾದ ನಂಬರ್ ಅಲ್ಲಿದೆ. ಟೈರ್ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ. ಟೈರ್ ತಣ್ಣಗಿದ್ದಾಗ ಹಾಕಿಸಿ. ಆಮೇಲೆ ಬ್ರೇಕ್ ಜಾಮ್. ಬ್ರೇಕ್ ಜಾಸ್ತಿ ಹಾಕದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ರಿಮ್ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಎಡಗಡೆ ಮುಂದಿನದು ಬೆಚ್ಚಗಿದ್ದು ಬಲಗಡೆಯದು ಸುಡುತ್ತಿದ್ದರೆ ಬ್ರೇಕ್ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್ ಬಿಡುತ್ತಿಲ್ಲ ಅಂತ ಅನುಮಾನ ಪಡಿ. ನೀವು ಕಾಲು ತೆಗೆದ ಮೇಲೂ ಅದು ಬ್ರೇಕ್ ಹಿಡಿದೇ ಇರುತ್ತದೆ, ದಾರಿಯುದ್ದಕ್ಕೂ ನಿಮ್ಮ ದುಡ್ಡು ತಿನ್ನುತ್ತದೆ. ಇನ್ನೊಂದು, ಗಾಡಿ ಬಿಸಿಯಾಗುತ್ತೆ ಅಂತ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ವಾಲ್ವ್) ಕಿತ್ತು "ನಮ್ಮ ದೇಶಕ್ಕೆ ಇದು ಬೇಡ" ಅನ್ನುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಅದಿಲ್ಲದ ಎಂಜಿನ್ ಬೇಗ ಬಿಸಿಯಾಗಲ್ಲ, ತಣ್ಣಗಿರುವಷ್ಟು ಹೊತ್ತೂ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ದಯವಿಟ್ಟು ವಾಪಸ್ ಹಾಕಿಸಿ.

ಮೈಲೇಜ್ ಜಾಸ್ತಿಯಾಗುತ್ತೆ ಅಂತ ಪೈಪಿಗೆ ಸಿಕ್ಕಿಸುವ ಮ್ಯಾಗ್ನೆಟ್, ಟ್ಯಾಂಕಿಗೆ ಸುರಿಯುವ ಬಾಟಲಿ, ಇವುಗಳ ಬಗ್ಗೆ ಮಾತಾಡಿ ನಿಮ್ಮ ಟೈಮ್ ಹಾಳು ಮಾಡಲ್ಲ. ದುಬಾರಿ ಪ್ರೀಮಿಯಂ ಪೆಟ್ರೋಲ್‌ನಲ್ಲಿ ಜಾಸ್ತಿ ಇರೋದು ಆಕ್ಟೇನ್, ಅಂದರೆ ಎಂಜಿನ್ನಿನಲ್ಲಿ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳದೆ ಇರುವ ಗುಣ, ಶಕ್ತಿ ಅಲ್ಲ. ನಿಮ್ಮ ಕಾರಿನ ಮ್ಯಾನುವಲ್ ಅದನ್ನು ಕೇಳದಿದ್ದರೆ ಸುಮ್ನೆ ಖರ್ಚು.

ಪೂರ್ತಿ ವಾಪಸ್ ಬರಲ್ಲ ಅಂದಿದ್ದಕ್ಕೆ ಟ್ರಾಫಿಕ್ ಒಂದು ಕಾರಣ, ಇನ್ನೊಂದು ಇ20, ಅಂದರೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್. ಲೀಟರ್ ಲೀಟರಿಗೆ ಹೋಲಿಸಿದರೆ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ನೂರಕ್ಕೆ 20 ಬೆರೆಸಿದರೆ ಮೈಲೇಜ್ ಬೀಳದೆ ಇನ್ನೇನಾಗುತ್ತದೆ? ನೀತಿ ಆಯೋಗದ 2021ರ ವರದಿಯೇ ಹಳೆಯ ಕಾರುಗಳಿಗೆ ಶೇ. 6ರಿಂದ 7 ಇಳಿಯುತ್ತದೆ ಅಂದಿತ್ತು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೆಲವು ಕಾರುಗಳಿಗೆ ಶೇ. 1ರಿಂದ 2, ಉಳಿದವಕ್ಕೆ ಶೇ. 3ರಿಂದ 6 ಅಂತ ಹೇಳಿತು. ಎಥೆನಾಲ್ ಕಬ್ಬಿನಿಂದಲೂ ಆಗುತ್ತದೆ, ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿಗೆ ಇದರಿಂದ ನಾಲ್ಕು ಕಾಸು ಜಾಸ್ತಿ ಸಿಕ್ಕರೆ ನನಗೆ ಬೇಜಾರಿಲ್ಲ, ಹೊರದೇಶದ ತೈಲ ಕಡಿಮೆ ಆದರೂ ಒಳ್ಳೆಯದೇ. ನನ್ನ ತಕರಾರು ಬೆಲೆಯದು. ಮೊದಲಿದ್ದ 10 ಪರ್ಸೆಂಟ್ 20 ಆದಾಗ ಪ್ರತಿ ಲೀಟರಿನಲ್ಲಿ ಹತ್ತಿರ ಹತ್ತಿರ ಮೂರು ರೂಪಾಯಿಯ ಶಕ್ತಿ ಕಡಿಮೆಯಾಯಿತು. ಅಷ್ಟನ್ನು ಬಂಕಿನ ಬೋರ್ಡಿನಲ್ಲೂ ಇಳಿಸಿ, ಇಲ್ಲವಾದರೆ ಹಳೆಯ ಕಾರಿನವರಿಗೆ ಪಕ್ಕದಲ್ಲೇ ಇ10 ಪಂಪ್ ಒಂದು ಇಡಿ.