ಮಣಿಕಟ್ಟಿಗೆ ಮೂರು ಮಣಿ ಹೆಚ್ಚು

ಕೇಳುಗರಿಗೆ ನಮಸ್ಕಾರ.

ನಿಮ್ಮ ಕೈಯನ್ನು ಒಮ್ಮೆ ನೋಡಿಕೊಳ್ಳಿ. ಅಂಗೈ ಮುಗಿದು ಮುಂಗೈ ಶುರುವಾಗುವ ಜಾಗಕ್ಕೆ ಕನ್ನಡದಲ್ಲಿ ಮಣಿಕಟ್ಟು ಅನ್ನುತ್ತೇವೆ. ಸಂಸ್ಕೃತದಲ್ಲಿ ಮಣಿಬಂಧ. ಮಣಿ ಕಟ್ಟುವ ಜಾಗ ಅಂತಲೇ ಅದಕ್ಕೆ ಹೆಸರು. ಅಲ್ಲಿ ಗಡಿಯಾರ ಕಟ್ಟುವುದೆಲ್ಲ ನಿನ್ನೆ ಮೊನ್ನೆಯ ಮಾತು. ಆ ಜಾಗಕ್ಕೆ ನಾವೇ ಮನೆಯಲ್ಲಿ ಕೂತು ಒಂದು ಮಣಿಸರ ಪೋಣಿಸುವುದು ಹೇಗೆ ಅನ್ನುವುದನ್ನು ಇವತ್ತು ಹೇಳಬೇಕು ಅಂತ ಬಂದಿದ್ದೇನೆ. ಹುಡುಗಿಯರು ಅದನ್ನು ಬ್ರೇಸ್‌ಲೆಟ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಇದುವರೆಗೆ ಒಂದು ಮಣಿಯನ್ನೂ ಪೋಣಿಸದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತೇನೆ.

ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ಬಿಡುವ ಹಾಗೆ ಕಾಣುವುದಿಲ್ಲ. ಶಾಲೆಗೆ ಮಳೆ ರಜೆ, ಮನೆಯಲ್ಲಿ ಕರೆಂಟು ಇಲ್ಲ, ಮಕ್ಕಳಿಗೆ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಇಂಥ ದಿನಗಳಲ್ಲೇ ನಾನು ಮಣಿ ಪೋಣಿಸಲು ಕಲಿತದ್ದು. ಕಿಟಕಿ ಪಕ್ಕದ ಬೆಳಕು ಸಾಕು, ಒಂದು ಮಣೆ ಸಾಕು.

ಮೊದಲು ನನ್ನ ಕಡೆಯಿಂದಾದ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳಿಗೆ ಹಸಿರು ಗಾಜಿನ ಮಣಿಗಳ ಬ್ರೇಸ್‌ಲೆಟ್ ಮಾಡಿಕೊಟ್ಟಿದ್ದೆ. ಅಂಗಡಿಯಲ್ಲಿ ಒಂದೊಂದೇ ಮಣಿಯನ್ನು ಬೆಳಕಿಗೆ ಹಿಡಿದು ನೋಡಿ ಆರಿಸಿದ್ದೆ. ವಿರಾಜಪೇಟೆ ಕಡೆಯ ಒಂದು ಮದುವೆಗೆ ಅದನ್ನು ಹಾಕಿಕೊಂಡು ಬಂದಳು. ವಾಲಗಕ್ಕೆ ಎಲ್ಲರ ಜೊತೆ ಕೈ ಎತ್ತಿ ಕುಣಿಯುತ್ತಿದ್ದಾಗ ಪಟ್ ಅಂತ ಸದ್ದಾಯಿತು, ಮಣಿಗಳೆಲ್ಲ ನೆಲದ ತುಂಬ. ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಸಿಕ್ಕಿದವು. ಮಗು ಅತ್ತದ್ದು ಮಣಿ ಹೋಯಿತು ಅಂತಲ್ಲ, ಚಿಕ್ಕಮ್ಮ ಮಾಡಿಕೊಟ್ಟದ್ದು ಹೋಯಿತು ಅಂತ. ಆ ಅಳು ನನಗೆ ಇನ್ನೂ ಕೇಳಿಸುತ್ತದೆ.

ಮನೆಗೆ ಬಂದು ಆ ದಾರವನ್ನು ನೋಡಿದೆ. ದಾರ ತುಂಡಾಗಿರಲೇ ಇಲ್ಲ. ಎರಡೂ ತುದಿಯಲ್ಲಿ ಗಂಟು ಹಾಕಿದ್ದ ಕಡೆ ಸಣ್ಣ ಸುರುಳಿ ಹಾಗೇ ನಿಂತಿತ್ತು. ಅಂದರೆ ಗಂಟು ತಾನಾಗಿ ಜಾರಿ ಬಿಚ್ಚಿಕೊಂಡಿತ್ತು. ಮಣಿ ಆರಿಸಲು ಒಂದು ಗಂಟೆ ಕಳೆದವಳು ಗಂಟಿಗೆ ಅರ್ಧ ನಿಮಿಷ ಕೊಟ್ಟಿದ್ದೆ.

ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರ ಹತ್ತಿರ ಅವರ ಅತ್ತೆಯಿಂದ ಬಂದ ಜೋಮಾಲೆ ಇದೆ. ಒಳಗೆ ಅರಗು ತುಂಬಿದ ಚಿನ್ನದ ಮಣಿಗಳ ಸರ ಅದು. ಕೊಡಗಿನವರಿಗೆ ಜೋಮಾಲೆ ಏನೆಂದು ಹೇಳಬೇಕಾಗಿಲ್ಲ. ಆ ಅಜ್ಜಿ ಕೆಲವು ವರ್ಷಕ್ಕೊಮ್ಮೆ ಅದನ್ನು ಅಕ್ಕಸಾಲಿಗರ ಹತ್ತಿರ ಒಯ್ದು, ಎದುರಿಗೇ ಕೂತು, ಮಣಿ ಎಣಿಸಿ, ಹಳೇ ದಾರ ತೆಗೆಸಿ ಹೊಸದು ಹಾಕಿಸುತ್ತಾರೆ. ದಾರ ಚೆನ್ನಾಗಿಯೇ ಇತ್ತಲ್ಲ ಅಜ್ಜಿ ಅಂದರೆ, "ಚೆನ್ನಾಗಿರುವಾಗಲೇ ಬದಲಾಯಿಸಬೇಕು ಮಗಾ. ಚಿನ್ನ ಹೋಗುವುದು ಕಳ್ಳನಿಂದ ಮಾತ್ರ ಅಲ್ಲ, ದಾರದಿಂದಲೂ ಹೋಗುತ್ತದೆ" ಅಂದರು. ಆವತ್ತಿನಿಂದ ನಾನು ಯಾರಿಗೆ ಕಲಿಸಿದರೂ ದಾರದಿಂದಲೇ ಶುರು ಮಾಡುತ್ತೇನೆ.

ಹೊಸಬರಿಗೆ ಸುಲಭವಾದದ್ದು ಎಲಾಸ್ಟಿಕ್ ದಾರ. ಕೊಂಡಿ ಬೇಡ, ಸೂಜಿ ಬೇಡ, ಕೈಗೆ ಎಳೆದು ಹಾಕಿಕೊಂಡರಾಯಿತು. ಫ್ಯಾನ್ಸಿ ಸ್ಟೋರ್‌ನಲ್ಲಿ ಕೇಳುವಾಗ ದಪ್ಪ ಎಷ್ಟು ಅಂತ ಕೇಳಿ. ಎಂಟು ಮಿಲಿಮೀಟರಿನ ಮಣಿಗೆ 0.8 ಅಥವಾ 1 ಮಿಲಿಮೀಟರ್ ದಾರ, ಸಣ್ಣ ಮಣಿಗೆ 0.5 ಮಿಲಿಮೀಟರ್. ಮಣಿಯ ತೂತಿನಲ್ಲಿ ಹೋಗುವ ದಾರಗಳಲ್ಲಿ ಅತಿ ದಪ್ಪದ್ದು ಯಾವುದೋ ಅದೇ ಒಳ್ಳೆಯದು. ಅಂಗಡಿಯಲ್ಲೇ ಒಂದು ಗೇಣು ಎಳೆದು ಬಿಟ್ಟು ನೋಡಿ. ತಟ್ಟನೆ ಹಿಂದಕ್ಕೆ ಬಂದರೆ ಸರಿ. ಸುಸ್ತಾದ ಹಾಗೆ ಜೋತು ಬಿದ್ದರೆ ಬೇಡ, ಅದು ಬಹಳ ದಿನ ಕೂತ ಮಾಲು. ಒಮ್ಮೆ ನಾನು ತರಿಸಿಕೊಂಡ ಒಂದು ಉಂಡೆ ದಾರ ಪೂರ್ತಿ ಹಾಗೇ ಇತ್ತು, ಎಳೆದ ಕಡೆಯೆಲ್ಲ ಬಿರುಕು.

ಇನ್ನೊಂದು ಕೆಲಸವಿದೆ. ಪೋಣಿಸುವ ಮೊದಲು ದಾರವನ್ನು ಎರಡು ಕೈಯಲ್ಲಿ ಹಿಡಿದು ನಾಲ್ಕೈದು ಸಲ ಮೆಲ್ಲಗೆ ಎಳೆದು ಬಿಡಿ. ಹೊಸ ಎಲಾಸ್ಟಿಕ್ ಮೊದಲ ಸಲ ಎಳೆದಾಗ ಸ್ವಲ್ಪ ಉದ್ದವಾಗಿ ಹಾಗೇ ಉಳಿದುಬಿಡುತ್ತದೆ. ಆ ಉದ್ದವಾಗುವ ಕೆಲಸ ಮೊದಲೇ ಮುಗಿಯಲಿ. ಇಲ್ಲದಿದ್ದರೆ ಮಾಡಿದ ವಾರಕ್ಕೆ ಮಣಿಗಳ ನಡುವೆ ದಾರ ಇಣುಕುತ್ತದೆ.

ಎಲಾಸ್ಟಿಕ್ ಇಷ್ಟವಿಲ್ಲದವರು ಹತ್ತಿ ದಾರದಲ್ಲಿ ಪೋಣಿಸಿ ಕೈಗೇ ಕಟ್ಟಿಸಿಕೊಳ್ಳಬಹುದು. ಆದರೆ ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಬರೀ ಹತ್ತಿ ದಾರ ನೀರು ಕುಡಿದು ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಜೇನುಮೇಣದ ತುಂಡೊಂದು ಸಿಕ್ಕರೆ ದಾರವನ್ನು ಅದರ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆಯಿರಿ, ಎರಡು ಮೂರು ಸಲ. ದಾರ ಗಟ್ಟಿಯಾಗುತ್ತದೆ, ತುದಿ ಕೆದರುವುದಿಲ್ಲ, ಸೂಜಿಯಿಲ್ಲದೆ ಮಣಿಯೊಳಗೆ ಹೋಗುತ್ತದೆ. ಭಾಗಮಂಡಲದ ಕಡೆ ಜೇನು ಸಾಕುವವರನ್ನು ಕೇಳಿದರೆ ಸಿಗುತ್ತದೆ.

ಇನ್ನು ಅಳತೆ. ಇಲ್ಲಿ ಹೆಚ್ಚಿನವರು ಸೋಲುತ್ತಾರೆ. ದಾರ ಸುತ್ತಿ ಮಣಿಕಟ್ಟಿನ ಅಳತೆ ತೆಗೆದು, ಅಷ್ಟೇ ಉದ್ದಕ್ಕೆ ಮಣಿ ಪೋಣಿಸಿ ಗಂಟು ಹಾಕುತ್ತಾರೆ. ಹಾಕಿಕೊಂಡರೆ ಬಿಗಿ, ಚರ್ಮದ ಮೇಲೆ ಮಣಿಯ ಅಚ್ಚು. ಯಾಕೆ ಹೀಗೆ? ದಾರ ಹೋಗುವುದು ಮಣಿಯ ಮಧ್ಯದಲ್ಲಿ. ಚರ್ಮಕ್ಕೂ ದಾರಕ್ಕೂ ನಡುವೆ ಅರ್ಧ ಮಣಿ ಇರುತ್ತದೆ, ಕೈಯ ಸುತ್ತಲೂ. ಹಾಗಾಗಿ ದಾರದ ಸುತ್ತು ಕೈಯ ಸುತ್ತಿಗಿಂತ ದೊಡ್ಡದಾಗಲೇಬೇಕು. ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಮಣಿಯ ದಪ್ಪದ ಮೂರು ಪಟ್ಟು, ಮೇಲೆ ಒಂದು ಚೂರು. ಶಾಲೆಯಲ್ಲಿ ವೃತ್ತದ ಲೆಕ್ಕದಲ್ಲಿ ಕಲಿತ 3.14 ಇದೆಯಲ್ಲ, ಅದೇ. ಎಂದಮೇಲೆ ಮಣಿ ಸಣ್ಣದಿರಲಿ ದೊಡ್ಡದಿರಲಿ, ಕೈಯನ್ನು ಸುತ್ತುವಷ್ಟು ಮಣಿ ಎಣಿಸಿಕೊಳ್ಳಿ, ಅದಕ್ಕೆ ಮೂರು ಮಣಿ ಸೇರಿಸಿ.

ಒಂದು ಉದಾಹರಣೆ. ನಿಮ್ಮ ಮಣಿಕಟ್ಟಿನ ಸುತ್ತಳತೆ 16 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಎಂಟು ಮಿಲಿಮೀಟರಿನ ಮಣಿ ಅದಕ್ಕೆ ಇಪ್ಪತ್ತು ಬೇಕು. ಮೂರು ಸೇರಿಸಿ, ಇಪ್ಪತ್ಮೂರು. ನಾಲ್ಕು ಮಿಲಿಮೀಟರಿನದ್ದಾದರೆ ನಲವತ್ತು, ಮತ್ತೆ ಮೂರು, ನಲವತ್ಮೂರು. ಸಡಿಲವಾಗಿ ಜಾರುತ್ತಿರಬೇಕು ಅನ್ನುವವರು ಇನ್ನೊಂದು ಮಣಿ ಹಾಕಿಕೊಳ್ಳಲಿ. ಗಂಟು ಹಾಕುವ ಮೊದಲು ಕೈಗೆ ಸುತ್ತಿ ನೋಡುವುದನ್ನು ಮಾತ್ರ ಮರೆಯಬೇಡಿ.

ಮಣಿಯ ವಿಷಯ ನಿಮ್ಮ ಕಣ್ಣಿಗೇ ಬಿಡುತ್ತೇನೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಪ್ಲಾಸ್ಟಿಕ್ ಮಣಿ ಸಿಗುತ್ತವೆ, ಕಲಿಯುವುದಕ್ಕೆ ಅವೇ ಸಾಕು. ಮೈಸೂರು ದಾಟಿ ಬೆಂಗಳೂರಿನ ಕಡೆ ಹೋಗುವವರು ಚನ್ನಪಟ್ಟಣದಲ್ಲಿ ಇಳಿದರೆ ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಮಣಿ ನೋಡಬಹುದು. ಕೈಯಲ್ಲಿ ಹಿಡಿದರೆ ಹಗುರ, ನುಣುಪು, ನನಗೆ ಬಹಳ ಪ್ರೀತಿ. ತೀರಾ ಸಣ್ಣ ಗಾಜಿನ ಮಣಿಗಳನ್ನು ನಂಬರಿನಲ್ಲಿ ಮಾರುತ್ತಾರೆ. ಕೈಹೊಲಿಗೆ ಸೂಜಿಯ ಹಾಗೆ ಅಲ್ಲೂ ನಂಬರ್ ಹೆಚ್ಚಾದಷ್ಟು ಮಣಿ ಸಣ್ಣದು. 6 ನಂಬರಿನದ್ದು ಸುಮಾರು ನಾಲ್ಕು ಮಿಲಿಮೀಟರ್, 11 ನಂಬರಿನದ್ದು ಸುಮಾರು ಎರಡು. ಮೊದಲ ಸಲಕ್ಕೆ 11 ಬೇಡ, ಕಣ್ಣು ನೋಯುತ್ತದೆ, ಬೇಸರವೂ ಬರುತ್ತದೆ.

ಗಾಜಿನ ಮಣಿ ಕೊಂಡರೆ ತೂತಿನ ಅಂಚನ್ನು ಪರೀಕ್ಷಿಸಿ. ಮಣಿಯನ್ನು ಒಂದು ತುಂಡು ದಾರದ ಮೇಲೆ ಹತ್ತು ಸಲ ಆಚೀಚೆ ಉಜ್ಜಿ. ದಾರದಲ್ಲಿ ಬಿಳಿ ಗೆರೆ ಬಿದ್ದರೆ ಆ ಅಂಚು ಚೂರಿಯ ಹಾಗಿದೆ ಅಂತ. ಅಂಥ ಮಣಿಯನ್ನು ಪಕ್ಕಕ್ಕಿಡಿ, ಎಷ್ಟೇ ಚೆಂದವಿದ್ದರೂ. ಬಣ್ಣದ ಮಣಿಯನ್ನು ಸೋಪು ನೀರಿನ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ನಾಳೆ ಕೈಗೂ ಹತ್ತುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬೇಲಿಯ ಮೇಲೆ ಗುಲಗಂಜಿ ಬಳ್ಳಿ ಹಬ್ಬಿರುವುದನ್ನು ನೋಡಿರುತ್ತೀರಿ. ಕೆಂಪು ಬೀಜ, ತುದಿಗೆ ಕಪ್ಪು ಬೊಟ್ಟು. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದದ್ದು ಅದೇ ಬೀಜ. ನೋಡಿದರೆ ಮಣಿಯೇ ಅನ್ನಿಸುತ್ತದೆ, ಮಕ್ಕಳು ಆರಿಸಿ ತಂದು ತೂತು ಕೊರೆದು ಕೊಡಿ ಅನ್ನುತ್ತಾರೆ. ದಯವಿಟ್ಟು ಬೇಡ. ಅದರೊಳಗೆ ಅಬ್ರಿನ್ ಅನ್ನುವ ಕಡು ವಿಷವಿದೆ. ಗಟ್ಟಿ ಸಿಪ್ಪೆ ಒಡೆಯದಿರುವವರೆಗೆ ವಿಷ ಒಳಗೇ ಇರುತ್ತದೆ, ತೂತು ಕೊರೆದರೆ ಆ ಸಿಪ್ಪೆಯನ್ನೇ ತೆರೆದ ಹಾಗೆ. ಮಗು ಅದನ್ನು ಕಚ್ಚಿದರೆ ಪ್ರಾಣಕ್ಕೇ ಅಪಾಯ. ಹಾಗೆಯೇ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಯಾವ ಮಣಿಯನ್ನೂ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕೆಲಸಕ್ಕೆ ಕೂರುವಾಗ ತಟ್ಟೆಯಲ್ಲಿ ಮಣಿ ಹಾಕಿಕೊಳ್ಳಬೇಡಿ, ಉರುಳಿ ಮಂಚದ ಕೆಳಗೆ ಸೇರುತ್ತವೆ. ಹಳೇ ಟರ್ಕಿ ಟವೆಲ್ ಮಡಚಿ ಹಾಸಿಕೊಳ್ಳಿ. ದಾರದ ಒಂದು ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿ. ದಾರ ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚೇ ಇರಲಿ, ಗಂಟು ಹಾಕಲು ಬೆರಳಿಗೆ ಜಾಗ ಬೇಕು.

ಈಗ ಗಂಟು. ಹತ್ತಿರದಲ್ಲಿ ಒಂದು ತುಂಡು ದಾರವಿದ್ದರೆ ಕೈಗೆ ತೆಗೆದುಕೊಳ್ಳಿ, ನಾನು ಹೇಳುತ್ತಾ ಹೋಗುತ್ತೇನೆ, ನೀವು ಮಾಡುತ್ತಾ ಬನ್ನಿ. ಬಲಗೈ ತುದಿಯನ್ನು ಎಡಗೈ ತುದಿಯ ಮೇಲೆ ತನ್ನಿ. ಷೂ ಲೇಸ್ ಕಟ್ಟುವಾಗ ಮೊದಲು ಮಾಡುವ ಹಾಗೆ ಕೆಳಗಿನಿಂದ ತೂರಿಸಿ. ಆಯಿತೇ? ಎಳೆಯಬೇಡಿ. ಅದೇ ತುದಿಯನ್ನು ಅದೇ ಕುಣಿಕೆಯಲ್ಲಿ ಇನ್ನೊಂದು ಸಲ ತೂರಿಸಿ. ಈಗ ಎರಡು ಸುತ್ತು ಒಂದಕ್ಕೊಂದು ತಿರುಚಿಕೊಂಡಿರಬೇಕು. ಮೆಲ್ಲಗೆ ಎರಡೂ ಕಡೆ ಎಳೆಯಿರಿ. ಕೈ ಬಿಟ್ಟರೂ ಅದು ಸಡಿಲವಾಗುವುದಿಲ್ಲ, ನೋಡಿ. ಆ ಎರಡನೇ ಸುತ್ತು ಹಿಡಿದುಕೊಂಡಿರುತ್ತದೆ. ಇನ್ನು ಎಡಗೈ ತುದಿಯನ್ನು ಬಲಗೈಯದ್ದರ ಮೇಲೆ ತಂದು ಒಂದು ಸಲ ತೂರಿಸಿ ಬಿಗಿಯಾಗಿ ಎಳೆಯಿರಿ. ಮೊದಲು ಬಲ ಮೇಲೆ, ಆಮೇಲೆ ಎಡ ಮೇಲೆ. ಎರಡು ಸಲವೂ ಒಂದೇ ಕಡೆಯದ್ದು ಮೇಲೆ ಬಂದರೆ ಗಂಟು ಜಾರುತ್ತದೆ. ಮದುವೆಯಲ್ಲಿ ಬಿಚ್ಚಿದ ನನ್ನ ಗಂಟು ಅಂಥದ್ದೇ. ಈಗ ನೀವು ಹಾಕಿದ್ದು ಡಾಕ್ಟರುಗಳು ಗಾಯಕ್ಕೆ ಹೊಲಿಗೆ ಹಾಕುವಾಗ ಬಳಸುವ ಗಂಟು. ಹತ್ತು ಸಲ ಬರೀ ದಾರದಲ್ಲಿ ಅಭ್ಯಾಸ ಮಾಡಿ ಆಮೇಲೆ ಮಣಿಗೆ ಬನ್ನಿ.

ಕುಶಾಲನಗರದಿಂದ ಕಾವೇರಿ ದಾಟಿ ಸ್ವಲ್ಪ ಮುಂದೆ ಹೋದರೆ ಬೈಲುಕುಪ್ಪೆ, 1961ರಲ್ಲಿ ಟಿಬೆಟಿಯನ್ನರು ಬಂದು ನೆಲೆಸಿದ ಊರು. ಅಲ್ಲಿ 108 ಮಣಿಯ ಜಪಮಾಲೆಯ ಜೊತೆಗೆ ಅದರ ಕಾಲು ಭಾಗ, 27 ಮಣಿಯ ಕೈಮಾಲೆಯೂ ಸಿಗುತ್ತದೆ. ಒಂದು ಅಂಗಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಹಳೇ ಕೈಮಾಲೆಯ ದಾರ ಬದಲಾಯಿಸುತ್ತಿದ್ದರು. ಗಂಟು ಹಾಕಿದವರು ಅದನ್ನು ಎರಡು ಹೆಬ್ಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಎಳೆದರು. ಮತ್ತೆ ಎಳೆದರು. ಮೂರನೇ ಸಲ ಎಳೆದ ಮೇಲೇ ತುದಿ ಕತ್ತರಿಸಿದ್ದು. ನಾನೂ ಈಗ ಹಾಗೇ ಮಾಡುತ್ತೇನೆ.

ತುದಿಯನ್ನು ಗಂಟಿನ ಬುಡಕ್ಕೇ ಕತ್ತರಿಸಬೇಡಿ, ಎರಡು ಮೂರು ಮಿಲಿಮೀಟರ್ ಬಿಡಿ. ಗಂಟಿನ ಮೇಲೆ ಸೂಜಿಮೊನೆಯಷ್ಟು ಅಂಟು ಸಾಕು. ಕ್ಷಣದಲ್ಲಿ ಹಿಡಿಯುವ ಅಂಟು ಎಲಾಸ್ಟಿಕ್ಕಿಗೆ ಆಗುವುದಿಲ್ಲ, ಒಣಗಿದ ಮೇಲೆ ದಾರ ಕಡ್ಡಿಯ ಹಾಗಾಗಿ ಅಲ್ಲೇ ಮುರಿಯುತ್ತದೆ. ಆಭರಣಕ್ಕೆ ಅಂತಲೇ ಬರುವ, ಒಣಗಿದರೂ ಬಾಗುವ ಅಂಟು ತನ್ನಿ. ಅದು ಸಿಗದಿದ್ದರೆ ಬಣ್ಣವಿಲ್ಲದ ನೇಲ್ ಪಾಲಿಷ್ ಒಂದು ಹನಿ. ಅಂಟು ಒಣಗಿದ ಮೇಲೆ ಪಕ್ಕದ ಮಣಿಯೊಳಕ್ಕೆ ಗಂಟನ್ನು ಎಳೆದುಕೊಳ್ಳಿ. ಅದಕ್ಕಾಗಿಯೇ ದೊಡ್ಡ ತೂತಿನ ಒಂದು ಮಣಿಯನ್ನು ಕೊನೆಗೆ ಪೋಣಿಸಿರಬೇಕು.

ಮರದ ಮಣಿಯಾದರೆ ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಮುಚ್ಚಳದ ಡಬ್ಬದಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಆ ಸಣ್ಣ ಬಿಳಿ ಪೊಟ್ಟಣದ ಜೊತೆ ಇಟ್ಟರೆ ಬೂಷ್ಟು ಹತ್ತುವುದಿಲ್ಲ.

ಇವತ್ತು ರಾತ್ರಿ ಕಟ್ಟಿದರೆ ನಾಳೆ ಬೆಳಿಗ್ಗೆಯೇ ಹಾಕಿಕೊಳ್ಳಬೇಡಿ. ಈ ತೇವದಲ್ಲಿ ಅಂಟು ಒಣಗಲು ಇನ್ನೂ ಒಂದು ದಿನ ಬೇಕು. ಒಲೆಯಿಂದ ಸ್ವಲ್ಪ ದೂರ, ಬೆಚ್ಚಗಿರುವ ಕಡೆ ಟವೆಲ್ ಮೇಲೆ ಹಾಗೇ ಬಿಟ್ಟಿರಿ. ನಾಡಿದ್ದು ಕೈಗೆ ಹಾಕಿಕೊಳ್ಳುವ ಮೊದಲು, ಆ ಬೈಲುಕುಪ್ಪೆಯ ತಾಯಿ ಎಳೆದ ಹಾಗೆ, ಮೂರು ಸಲ ಎಳೆದು ನೋಡಿ.

ನಮಸ್ಕಾರ.