ಶಾಲೆಯ ಬಾಗಿಲವರೆಗೆ ಒಂದು ಬಸ್ಸು

ಕೇಳುಗರಿಗೆಲ್ಲ ನಮಸ್ಕಾರ. ಮಕ್ಕಳನ್ನು ಶಾಲೆಗೆ ಹೊರಡಿಸುವ ಹೊತ್ತಿದು. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ, ಪಕ್ಕದಲ್ಲಿ ರೇಡಿಯೋ. ಹಾಗೆ ಕೇಳುತ್ತಿರುವ ತಾಯಂದಿರಿಗೆ, ಅಜ್ಜಿಯರಿಗೆ, ಬಸ್ಸಿಗೆ ಕಾಯುತ್ತಿರುವ ಮೇಷ್ಟ್ರುಗಳಿಗೆ ಇವತ್ತು ಐರ್ಲೆಂಡಿನ ಒಬ್ಬ ಮಂತ್ರಿಯ ಕಥೆ ಹೇಳುತ್ತೇನೆ. ಅವರ ಹೆಸರು ಡೊನೊ ಓಮ್ಯಾಲಿ. ಮೂವತ್ತು ವರ್ಷ ಬಿ.ಎಡ್. ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಈ ಕಥೆ ಹೇಳದ ವರ್ಷ ಒಂದೂ ಇಲ್ಲ.

ನಾನು ಹೇಳಬೇಕಾಗಿರುವುದು ಒಂದೇ ಮಾತು. ಶಾಲೆಗೆ ಫೀಸು ಇಲ್ಲ ಅಂದರೆ ಸಾಲದು. ಮಗು ಶಾಲೆಗೆ ಮುಟ್ಟಬೇಕು.

ಐರ್ಲೆಂಡ್ ನಮಗೆ ತೀರಾ ದೂರದ್ದಲ್ಲ. ನಮ್ಮ ಸಂವಿಧಾನದಲ್ಲಿ ರಾಜ್ಯನೀತಿ ನಿರ್ದೇಶಕ ತತ್ವಗಳು ಅಂತ ಒಂದು ಭಾಗ ಇದೆಯಲ್ಲ, ಆ ಕಲ್ಪನೆ ನಮಗೆ ಬಂದಿದ್ದು ಅವರ 1937ರ ಸಂವಿಧಾನದಿಂದ. ಪ್ರಾಥಮಿಕ ಶಿಕ್ಷಣ ಉಚಿತವಾಗಿ ಸಿಗಬೇಕು ಅಂತ ಅವರು ಅದರಲ್ಲಿ ಬರೆದುಕೊಂಡಿದ್ದರು. ಆದರೆ ಅದು ಪ್ರಾಥಮಿಕ ಶಾಲೆಗೆ ಮಾತ್ರ. ಪ್ರೌಢಶಾಲೆಗಳಲ್ಲಿ ಹೆಚ್ಚಿನವನ್ನು ಚರ್ಚಿನವರು ನಡೆಸುತ್ತಿದ್ದರು. ಅಲ್ಲಿ ಫೀಸು ಕಟ್ಟಬೇಕಿತ್ತು. ಕಟ್ಟಲಾಗದ ಮನೆಯ ಮಗು ಅಪ್ಪನ ಜೊತೆ ಹೊಲಕ್ಕೆ ಇಳಿಯುತ್ತಿತ್ತು, ಅಂಗಡಿಗೆ ಸೇರುತ್ತಿತ್ತು. ಸ್ವಲ್ಪ ದೊಡ್ಡವರಾದ ಮೇಲೆ ಎಷ್ಟೋ ಜನ ಹಡಗು ಹತ್ತಿ ಇಂಗ್ಲೆಂಡಿಗೆ ಕೂಲಿಗೆ ಹೋಗುತ್ತಿದ್ದರು.

ಓಮ್ಯಾಲಿ ಹುಟ್ಟಿದ್ದು 1921ರಲ್ಲಿ, ಲಿಮರಿಕ್ ಪಟ್ಟಣದಲ್ಲಿ. ಓದಿದ್ದು ಇಂಜಿನಿಯರಿಂಗ್. ಒಳ್ಳೆಯ ರಗ್ಬಿ ಆಟಗಾರ. ಗಟ್ಟಿ ದನಿ, ಧಾರಾಳ ಮನಸ್ಸು. 1954ರಲ್ಲಿ ಫಿಯಾನಾ ಫಾಲ್ ಪಕ್ಷದಿಂದ ಸಂಸತ್ತಿಗೆ ಆರಿಸಿ ಬಂದರು. ಊರಿನ ಮೇಯರ್ ಆದರು, ಆಮೇಲೆ ಆರೋಗ್ಯ ಮಂತ್ರಿಯಾದರು. 1966ರ ಜುಲೈನಲ್ಲಿ ಶಿಕ್ಷಣ ಮಂತ್ರಿ. ಇಷ್ಟು ಸಾಕು. ಅವರ ನಿಜವಾದ ಕಥೆ ಶುರುವಾಗುವುದೇ ಇದಾದ ಎರಡು ತಿಂಗಳಿಗೆ.

1966ರ ಸೆಪ್ಟೆಂಬರ್ 10, ಶನಿವಾರ. ಡಬ್ಲಿನ್ ಪಕ್ಕದಲ್ಲಿ ಡನ್ ಲೀರಿ ಅಂತ ಸಮುದ್ರದ ದಡದ ಊರು. ಅಲ್ಲಿನ ರಾಯಲ್ ಮರೀನ್ ಹೋಟೆಲಿನಲ್ಲಿ ಪತ್ರಕರ್ತರ ಸಂಘದ ಸಭೆ. ಮಂತ್ರಿ ಅತಿಥಿ. ಇಂಥ ಸಭೆಗಳಲ್ಲಿ ಮಂತ್ರಿಗಳು ಏನು ಮಾತಾಡುತ್ತಾರೆ ಅಂತ ನಿಮಗೂ ಗೊತ್ತು. ಪತ್ರಿಕೋದ್ಯಮ ಬೆಳೆಯಲಿ, ಸಂಘಕ್ಕೆ ಶುಭವಾಗಲಿ, ಅಷ್ಟೇ ಅಲ್ವಾ? ಓಮ್ಯಾಲಿ ಹಾಗೆ ಮಾಡಲಿಲ್ಲ. ನಮ್ಮ ದೇಶದಲ್ಲಿ ಪ್ರತಿ ವರ್ಷ ಸುಮಾರು 17,000 ಮಕ್ಕಳು ಪ್ರಾಥಮಿಕ ಶಾಲೆ ಮುಗಿಸಿ ಓದು ನಿಲ್ಲಿಸುತ್ತಿದ್ದಾರೆ ಅಂದರು. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಇದು ದೇಶದ ಅಂತಃಸಾಕ್ಷಿಯ ಮೇಲಿರುವ ಕಪ್ಪು ಕಲೆ ಅಂದರು. ಬರುವ ಶಾಲಾ ವರ್ಷದಿಂದ ಪ್ರೌಢಶಾಲೆ ಉಚಿತ ಅಂತ ಅಲ್ಲೇ ಘೋಷಿಸಿದರು.

ಯಾರ ಮುಂದೆ ಹೇಳಿದರು ನೋಡಿ! ಎದುರಿಗೆ ಕೂತಿದ್ದವರೆಲ್ಲ ಪತ್ರಕರ್ತರು. ಮಾರನೆಯ ದಿನ ಭಾನುವಾರ. ಇಡೀ ದೇಶ ಪೇಪರ್ ಓದುವ ದಿನ. ಪ್ರಧಾನಿ ಷಾನ್ ಲೆಮಾಸ್ ಜೊತೆ ಓಮ್ಯಾಲಿ ಮೊದಲೇ ಮಾತಾಡಿದ್ದರು. ಆದರೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿರಲಿಲ್ಲ. ಹಣಕಾಸು ಇಲಾಖೆಗೆ ಸುಳಿವೇ ಇರಲಿಲ್ಲ. ಆ ಇಲಾಖೆಯ ಕಾರ್ಯದರ್ಶಿ ವಿಟೇಕರ್ ಬಹಳ ದೊಡ್ಡ ಅಧಿಕಾರಿ. ಆ ದೇಶದ ಆರ್ಥಿಕತೆಯನ್ನು ಮೇಲೆತ್ತಿದವರಲ್ಲಿ ಒಬ್ಬರು. ಅವರಿಗೆ ಸಿಟ್ಟು ಬಂತು. ಇಷ್ಟು ದೊಡ್ಡ ತೀರ್ಮಾನವನ್ನು ವಾರಾಂತ್ಯದ ಸಭೆಯೊಂದರಲ್ಲಿ ಹೀಗೆ ಘೋಷಿಸುವುದೇ ಅಂತ ಸೋಮವಾರವೇ ಪ್ರಧಾನಿಗೆ ಪತ್ರ ಬರೆದರು. ಪ್ರಧಾನಿಯೂ ಓಮ್ಯಾಲಿಗೆ ಎಚ್ಚರಿಕೆಯ ಮಾತು ಬರೆದರು. ಆದರೆ ಅಷ್ಟರಲ್ಲಿ ಸುದ್ದಿ ಪ್ರತಿ ಮನೆಯ ಅಡುಗೆಮನೆ ಮುಟ್ಟಿಯಾಗಿತ್ತು. ಮಗಳನ್ನು ಮುಂದೆ ಓದಿಸಬಹುದು ಅಂತ ಒಂದು ದಿನ ನಂಬಿದ ತಾಯಿಗೆ, ಇಲ್ಲಮ್ಮ, ಅದು ತಪ್ಪಿ ಬಂದ ಮಾತು ಅಂತ ಯಾವ ಸರ್ಕಾರ ಹೇಳುತ್ತದೆ?

ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಎದ್ದು, ಮೇಡಂ, ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳಿ ಕೇಳಿ ನನಗೆ ಬೇಜಾರಾಗಿದೆ. ಐರ್ಲೆಂಡಿನಲ್ಲೂ ಅದನ್ನೇ ಕೇಳಿದರು. ಅವರದು ಆಗ ಶ್ರೀಮಂತ ದೇಶವಲ್ಲ. ದುಡ್ಡು ಹೊಂದಿಸಿದರು. 1967ರ ಸೆಪ್ಟೆಂಬರಿನಿಂದ ಬಹುಪಾಲು ಪ್ರೌಢಶಾಲೆಗಳು ಫೀಸು ಬಿಟ್ಟವು. ಅದರ ಬದಲಿಗೆ ಸರ್ಕಾರ ಶಾಲೆಗಳಿಗೆ ಅನುದಾನ ಕೊಟ್ಟಿತು.

ಈಗ ಬಸ್ಸಿನ ವಿಷಯ. ದಯವಿಟ್ಟು ಇದನ್ನು ಗಮನ ಕೊಟ್ಟು ಕೇಳಿ. ಎಲ್ಲರೂ ಫೀಸಿನ ಬಗ್ಗೆ ಮಾತಾಡುತ್ತಾರೆ, ಬಸ್ಸನ್ನು ಮರೆಯುತ್ತಾರೆ. ಐರ್ಲೆಂಡಿನ ಹಳ್ಳಿ ನಮ್ಮ ಮಲೆನಾಡಿನ ಹಾಗೆ. ಇಲ್ಲೊಂದು ಮನೆ, ಅಲ್ಲೊಂದು ಮನೆ. ಮಳೆ ಜಾಸ್ತಿ. ಪ್ರೌಢಶಾಲೆ ಇರುವುದು ಪೇಟೆಯಲ್ಲಿ. ಫೀಸು ಮನ್ನಾ ಮಾಡಿದರೂ ಹತ್ತು ಮೈಲಿ ದೂರದ ಹುಡುಗಿ ಹೇಗೆ ಬರಬೇಕು? ಓಮ್ಯಾಲಿ ಅದಕ್ಕೂ ದಾರಿ ಹುಡುಕಿದರು. ಶಾಲೆಯಿಂದ 3 ಮೈಲಿಗಿಂತ ದೂರ ಇರುವ ಮಕ್ಕಳಿಗೆ ಬಸ್ಸು ಉಚಿತ. ಹಳ್ಳಿಯ ಅಡ್ಡರಸ್ತೆಗಳಲ್ಲಿ, ಬೆಳಗಿನ ಮಂಜಿನಲ್ಲಿ, ಪುಸ್ತಕದ ಚೀಲ ಹಿಡಿದು ನಿಂತ ಮಕ್ಕಳ ಹತ್ತಿರಕ್ಕೇ ಬಸ್ಸು ಬರತೊಡಗಿತು.

ನಮ್ಮೂರಿನಲ್ಲಿ ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಒಬ್ಬಳು ಕೂರುತ್ತಿದ್ದಳು. ಲೆಕ್ಕದಲ್ಲಿ ನನಗಿಂತ ಎಷ್ಟೋ ಚುರುಕು. ಹೈಸ್ಕೂಲು ಎಂಟು ಕಿಲೋಮೀಟರ್ ದೂರ. ನನ್ನನ್ನು ಅಪ್ಪ ಸೈಕಲ್ಲಿನಲ್ಲಿ ಬಿಡುತ್ತಿದ್ದರು. ಅವಳನ್ನು ಬಿಡುವವರು ಯಾರೂ ಇರಲಿಲ್ಲ. ಫೀಸಿನಿಂದ ನಿಂತ ಓದಲ್ಲ ಅದು. ಮಗು ಶಾಲೆಗೆ ಮುಟ್ಟಬೇಕು ಅಂತ ನಾನು ಹೇಳಿದ್ದನ್ನೇ ಹೇಳುವುದು ಅದಕ್ಕೇ.

ಸಮಯ ಮುಗಿಯುತ್ತಾ ಬಂತು. ಡಬ್ಲಿನ್ನಿನ ಎರಡು ವಿಶ್ವವಿದ್ಯಾಲಯಗಳನ್ನು ಒಂದು ಮಾಡಲೂ ಓಮ್ಯಾಲಿ ಹೊರಟಿದ್ದರು. ಅದು ಆಗಲಿಲ್ಲ. ಅದರ ಕಥೆ ಇನ್ನೊಮ್ಮೆ ಹೇಳುತ್ತೇನೆ.

1968ರ ಮಾರ್ಚ್ 10, ಭಾನುವಾರ. ಕ್ಲೇರ್ ಜಿಲ್ಲೆಯ ಉಪಚುನಾವಣೆಯ ಪ್ರಚಾರಕ್ಕೆ ಸಿಕ್ಸ್‌ಮೈಲ್‌ಬ್ರಿಡ್ಜ್ ಎಂಬ ಊರಿಗೆ ಹೋಗಿದ್ದರು. ಅಲ್ಲೇ ಕುಸಿದು ಬಿದ್ದರು. ಅಂದೇ ತೀರಿಕೊಂಡರು. ವಯಸ್ಸು ಬರೀ 47. ಅವರು ಕಳಿಸಿದ ಬಸ್ಸು ಹತ್ತಿ ಹೋದ ಮೊದಲ ಮಕ್ಕಳು ಆಗಿನ್ನೂ ಪ್ರೌಢಶಾಲೆಯ ಮೊದಲ ವರ್ಷವನ್ನೂ ಮುಗಿಸಿರಲಿಲ್ಲ.

ನಮಸ್ಕಾರ.