ಬ್ರೆಡ್ಡಿನ ಸಾಲು, ಬೀರುವಿನ ಕಾಗದ

ಕೇಳುಗರೇ, ನಮಸ್ಕಾರ.

ಇವತ್ತಿನ ಸೇಂಟ್ ಪೀಟರ್ಸ್‌ಬರ್ಗ್‌ಗೆ 1917ರಲ್ಲಿ ಪೆಟ್ರೋಗ್ರಾಡ್ ಅಂತ ಹೆಸರು. ಆಗ ಅದು ರಷ್ಯಾದ ರಾಜಧಾನಿ. ಆ ಚಳಿಗಾಲದಲ್ಲಿ ಅಲ್ಲಿನ ಹೆಂಗಸರು ಇನ್ನೂ ಕತ್ತಲಿರುವಾಗಲೇ ಎದ್ದು, ತಲೆಗೆ ಶಾಲು ಬಿಗಿದುಕೊಂಡು, ಬೇಕರಿ ಮುಂದೆ ಹೋಗಿ ನಿಲ್ಲುತ್ತಿದ್ದರು. ಆ ಸಾಲಿಗೆ ರಷ್ಯನ್ನರು ‘ಹ್ವೋಸ್ತ್’ ಅನ್ನುತ್ತಿದ್ದರು. ಹಾಗಂದರೆ ಬಾಲ. ಅಂಗಡಿ ಬಾಗಿಲಲ್ಲಿ ಶುರುವಾಗಿ ಬೀದಿಯುದ್ದಕ್ಕೂ ಚಾಚಿಕೊಂಡ ಬಾಲ. ಗಂಟೆಗಟ್ಟಲೆ ಹಿಮದಲ್ಲಿ ಕಾದು ಬಾಗಿಲ ಹತ್ತಿರ ಬರುವಷ್ಟರಲ್ಲಿ ಬ್ರೆಡ್ಡು ಮುಗಿದಿರುತ್ತಿತ್ತು. ಅಲ್ಲಿಂದ ನೇರ ಕಾರ್ಖಾನೆಗೆ ಹೋಗಬೇಕು. ಮನೆಯಲ್ಲಿ ಮಕ್ಕಳು. ಗಂಡ, ಅಣ್ಣ, ತಮ್ಮ ಎಲ್ಲರೂ ದೂರದಲ್ಲಿ, ಮೊದಲ ಮಹಾಯುದ್ಧದ ಕಂದಕಗಳಲ್ಲಿ.

ರಷ್ಯಾದಲ್ಲಿ ಧಾನ್ಯ ಇರಲಿಲ್ಲ ಅಂತ ಅಲ್ಲ. ಯುದ್ಧಕ್ಕೆ ಮೊದಲು ಅದು ಬೇರೆ ದೇಶಗಳಿಗೆ ಗೋಧಿ ಮಾರುತ್ತಿದ್ದ ದೇಶ. ಆದರೆ ಈಗ ರೈಲುಗಳು ಮೊದಲು ಸೈನಿಕರನ್ನು, ಮದ್ದುಗುಂಡನ್ನು ಸಾಗಿಸಬೇಕು. ಹಿಟ್ಟಿನ ಸರದಿ ಆಮೇಲೆ. ಕಾರ್ಖಾನೆಗಳು ಫಿರಂಗಿ ಗುಂಡು ತಯಾರಿಸುತ್ತಿದ್ದವು. ಹಾಗಾಗಿ ರೈತನಿಗೆ ನೇಗಿಲೂ ಇಲ್ಲ, ಬಟ್ಟೆಯೂ ಇಲ್ಲ. ಕೊಳ್ಳೋಕೆ ಏನೂ ಇಲ್ಲದ ಮೇಲೆ ಬರೀ ನೋಟು ಇಸಿದುಕೊಂಡು ಅವನು ಧಾನ್ಯ ಯಾಕೆ ಮಾರುತ್ತಾನೆ? ಕಣಜದಲ್ಲೇ ಇಟ್ಟುಕೊಂಡ. ಒಟ್ಟು ಸುಮಾರು 1.5 ಕೋಟಿ ಗಂಡಸರನ್ನು ಸೈನ್ಯಕ್ಕೆ ಎಳೆದುಕೊಂಡಿದ್ದ ಯುದ್ಧ ಅದು. ಅದರ ಬಿಸಿ ಅಡುಗೆಮನೆಗೆ ತಟ್ಟದೆ ಇರುತ್ತಾ?

ಫೆಬ್ರವರಿ 23. ಇದು ರಷ್ಯಾದ ಹಳೆಯ ಪಂಚಾಂಗದ ಲೆಕ್ಕ. ನಮ್ಮ ಲೆಕ್ಕದಲ್ಲಿ ಮಾರ್ಚ್ 8, ಮಹಿಳಾ ದಿನ. ನೆವಾ ನದಿಯ ಆಚೆ ದಡದ ವೈಬೋರ್ಗ್ ಬಡಾವಣೆಯಲ್ಲಿ ಬಟ್ಟೆ ಗಿರಣಿಗಳ ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದರು. ಮುಷ್ಕರ ಈಗ ಬೇಡ ಅಂತ ಸಮಾಜವಾದಿ ಮುಖಂಡರೇ ಹೇಳಿದ್ದರು. ಇವರು ಕೇಳಲಿಲ್ಲ. ಪಕ್ಕದ ಲೋಹದ ಕಾರ್ಖಾನೆಗಳಿಗೆ ಹೋಗಿ ಗಂಡಸರನ್ನೂ ಹೊರಗೆ ಕರೆದರು. ಹಿಂದಿನ ದಿನವಷ್ಟೇ ಪುತಿಲೋವ್ ಕಾರ್ಖಾನೆ ತನ್ನ ಸಾವಿರಾರು ಕೆಲಸಗಾರರನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿತ್ತು. ಅವರ ಸಿಟ್ಟೂ ಇದಕ್ಕೆ ಸೇರಿಕೊಂಡಿತು.

ಪೊಲೀಸರು ಸೇತುವೆಗಳನ್ನು ಅಡ್ಡಗಟ್ಟಿದರು. ಆದರೆ ನದಿ ಹೆಪ್ಪುಗಟ್ಟಿತ್ತಲ್ಲ! ಜನ ಮಂಜುಗಡ್ಡೆಯ ಮೇಲೆಯೇ ನಡೆದು ನಗರದ ನಡುಭಾಗಕ್ಕೆ ಬಂದರು. ಈ ದೃಶ್ಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಳಿ ನದಿಯ ಮೇಲೆ ಸಾಲಾಗಿ ಕಪ್ಪು ಚುಕ್ಕೆಗಳು, ನಡೆದುಕೊಂಡು ಬರುತ್ತಿವೆ. ಮೊದಲ ದಿನ ಕೂಗು ‘ಬ್ರೆಡ್ಡು ಕೊಡಿ’ ಅಂತ. ಮೂರು ದಿನದೊಳಗೆ ‘ಯುದ್ಧ ನಿಲ್ಲಿಸಿ’, ‘ಚಕ್ರವರ್ತಿ ತೊಲಗಲಿ’ ಅನ್ನುವವರೆಗೆ ಹೋಯಿತು.

ಚಕ್ರವರ್ತಿ ಎರಡನೇ ನಿಕೋಲಸ್ ಆಗ ಊರಲ್ಲೇ ಇರಲಿಲ್ಲ. ದೂರದ ಮೊಗಿಲೆವ್‌ನ ಸೇನಾ ಕೇಂದ್ರದಲ್ಲಿದ್ದ. ಚಳಿ ಜಾಸ್ತಿ ಇದ್ದಿದ್ದರೆ ಇವರೆಲ್ಲ ಮನೆಯಲ್ಲೇ ಇರುತ್ತಿದ್ದರು ಅಂತ ರಾಣಿ ಅವನಿಗೆ ಪತ್ರ ಬರೆದಳು. ಗಲಭೆಯನ್ನು ನಾಳೆಯೇ ನಿಲ್ಲಿಸಿ ಅಂತ ಅವನು ತಂತಿ ಕಳಿಸಿದ. ಭಾನುವಾರ ಗುಂಡು ಹಾರಿತು. ಜ್ನಾಮೆನ್ಸ್ಕಾಯ ಚೌಕದಲ್ಲಿ ಹಲವರು ಸತ್ತರು.

ಅವತ್ತು ಗುಂಡು ಹಾರಿಸಿದವರಲ್ಲಿ ವೊಲಿನ್ಸ್ಕಿ ರೆಜಿಮೆಂಟಿನ ಸೈನಿಕರೂ ಇದ್ದರು. ರಾತ್ರಿ ಬ್ಯಾರಕ್ಕಿನಲ್ಲಿ ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಬೆಳಗ್ಗೆ ಎದ್ದು, ಇನ್ನು ಜನರ ಮೇಲೆ ಗುಂಡು ಹಾರಿಸುವುದಿಲ್ಲ ಅಂದುಬಿಟ್ಟರು. ಅವರ ಮುಂದಾಳು ಕಿರ್ಪಿಚ್ನಿಕೋವ್ ಅನ್ನುವ ಒಬ್ಬ ಸಾರ್ಜೆಂಟ್. ಜನರಲ್ ಅಲ್ಲ, ಮಂತ್ರಿ ಅಲ್ಲ. ಸಂಜೆಯೊಳಗೆ ಒಂದಾದ ಮೇಲೊಂದು ರೆಜಿಮೆಂಟು ಜನರ ಕಡೆ ಬಂತು. ಹಳೆಯ ಪಂಚಾಂಗದ ಮಾರ್ಚ್ 2ರಂದು ಪ್ಸ್ಕೋವ್ ಊರಿನಲ್ಲಿ, ನಿಂತ ರೈಲಿನ ಡಬ್ಬಿಯೊಳಗೆ, ನಿಕೋಲಸ್ ಸಿಂಹಾಸನ ಬಿಟ್ಟುಕೊಟ್ಟು ಸಹಿ ಹಾಕಿದ. 1613ರಿಂದ ಆಳಿದ್ದ ರೊಮನೋವ್ ಮನೆತನದ ಕಥೆ ಅಲ್ಲಿಗೆ ಮುಗಿಯಿತು.

ಸರಿ, ಚಕ್ರವರ್ತಿ ಹೋದ. ಯುದ್ಧ ಯಾಕೆ ನಿಲ್ಲಲಿಲ್ಲ? ನನ್ನ ಪ್ರಕಾರ ಆ ವರ್ಷದ ಅಸಲು ಪ್ರಶ್ನೆ ಇದೇ. ಹೊಸ ಸರ್ಕಾರದ ವಿದೇಶಾಂಗ ಮಂತ್ರಿ ಮಿಲ್ಯುಕೋವ್. ಓದಿದವರು, ಇತಿಹಾಸದ ಪ್ರೊಫೆಸರ್. ಅವರ ಇಲಾಖೆಯ ಬೀರುವಿನಲ್ಲಿ 1915ರ ಒಂದು ಗುಟ್ಟಿನ ಒಪ್ಪಂದ ಇತ್ತು. ಗೆದ್ದರೆ ಕಾನ್‌ಸ್ಟಾಂಟಿನೋಪಲ್, ಅಂದರೆ ಇವತ್ತಿನ ಇಸ್ತಾಂಬುಲ್, ಮತ್ತು ಅಲ್ಲಿನ ಜಲಸಂಧಿಗಳು ರಷ್ಯಾಕ್ಕೆ ಅಂತ ಬ್ರಿಟನ್, ಫ್ರಾನ್ಸ್ ಮಾತು ಕೊಟ್ಟಿದ್ದವು. ಹಳೆಯ ಒಪ್ಪಂದಗಳಿಗೆ ನಾವು ಬದ್ಧ ಅಂತ ಏಪ್ರಿಲ್‌ನಲ್ಲಿ ಮಿಲ್ಯುಕೋವ್ ಮಿತ್ರದೇಶಗಳಿಗೆ ಬರೆದರು. ಸುದ್ದಿ ಹೊರಬಿತ್ತು. ಸೈನಿಕರು, ಕಾರ್ಮಿಕರು ಮತ್ತೆ ಬೀದಿಗಿಳಿದರು. ಮಿಲ್ಯುಕೋವ್ ರಾಜೀನಾಮೆ ಕೊಟ್ಟರು. ಆದರೂ ಯುದ್ಧ ನಡೆದೇ ಇತ್ತು. ಜೂನ್‌ನಲ್ಲಿ ಯುದ್ಧಮಂತ್ರಿ ಕೆರೆನ್‌ಸ್ಕಿ ಹೊಸದಾಗಿ ದಾಳಿ ಶುರುಮಾಡಿಸಿದರು. ಅದು ಸೋತಿತು, ಸೈನ್ಯವೇ ಕರಗತೊಡಗಿತು. ಲೆನಿನ್‌ರ ಪಕ್ಷದವರಾದ ಬೊಲ್ಶೆವಿಕರಿಗೆ ಅಧಿಕಾರದ ದಾರಿ ಮಾಡಿಕೊಟ್ಟಿದ್ದು, ಬೇರೆ ಎಲ್ಲಕ್ಕಿಂತ ಜಾಸ್ತಿ, ಈ ನಿಲ್ಲದ ಯುದ್ಧ.

ಅಧಿಕಾರಕ್ಕೆ ಬಂದ ಮೇಲೆ ಬೊಲ್ಶೆವಿಕರು ಮಾಡಿದ ಎಷ್ಟೋ ಕೆಲಸಗಳನ್ನು ನಾನು ಒಪ್ಪುವುದಿಲ್ಲ. ಚುನಾವಣೆಯಲ್ಲಿ ಗೆದ್ದು ಬಂದ ಸಂವಿಧಾನ ಸಭೆಯನ್ನೇ 1918ರ ಜನವರಿಯಲ್ಲಿ ಮುಚ್ಚಿಸಿದ್ದು ದೊಡ್ಡ ಅನ್ಯಾಯ. ಆದರೆ ಅವರು ಆ ಬೀರು ತೆಗೆದರು. ಒಳಗಿದ್ದ ಒಪ್ಪಂದಗಳನ್ನು ಪತ್ರಿಕೆಯಲ್ಲಿ ಅಚ್ಚುಮಾಡಿಸಿದರು. ನವೆಂಬರ್ ಕೊನೆಯಲ್ಲಿ ಅವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಾರ್ಡಿಯನ್‌ನಲ್ಲೂ ಬಂದವು. ಮೂರು ವರ್ಷ ಸಾಲಿನಲ್ಲಿ ನಿಂತವರು, ಕಂದಕದಲ್ಲಿ ಬಿದ್ದವರು ಯಾವುದಕ್ಕಾಗಿ ಅಂತ ಜಗತ್ತು ಆಗ ಓದಿತು.

ಆ ಕಾಗದಗಳಲ್ಲಿ ಒಂದು 1916ರ ಸೈಕ್ಸ್–ಪಿಕೋ ಒಪ್ಪಂದ. ಇನ್ನೂ ತುರ್ಕರ ಕೈಯಲ್ಲೇ ಇದ್ದ ಅರಬ್ ನಾಡುಗಳನ್ನು ಬ್ರಿಟನ್, ಫ್ರಾನ್ಸ್ ಭೂಪಟದ ಮೇಲೆ ಗೆರೆ ಎಳೆದು ಹಂಚಿಕೊಂಡಿದ್ದವು. ರಷ್ಯಾ ಅದಕ್ಕೆ ತಲೆಯಾಡಿಸಿತ್ತು. ಅಲ್ಲಿ ವಾಸವಿದ್ದವರನ್ನು ಕೇಳಿದವರಿಲ್ಲ. ಅದರಲ್ಲಿ ಒಂದು ಮಾತಿದೆ: ಹೈಫಾ ಬಂದರು ಬ್ರಿಟನ್ನಿಗೆ. ಇವತ್ತು ಅದು ಇಸ್ರೇಲಿನಲ್ಲಿದೆ.

ಹೈಫಾ ಅಂದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತೆ, ಅಲ್ವಾ? 1918ರ ಸೆಪ್ಟೆಂಬರ್ 23ರಂದು ಬ್ರಿಟಿಷರ ಪರವಾಗಿ ಆ ಊರನ್ನು ಹಿಡಿದವರು ಜೋಧಪುರ ಮತ್ತು ಮೈಸೂರು ಲಾನ್ಸರ್ಸ್, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಜೋಧಪುರದವರು ಊರಿನತ್ತ ನುಗ್ಗುವಾಗ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿತು. ಕಲ್ಲು ತುಂಬಿದ ಕಡಿದಾದ ದಾರಿ. ಮೇಲೆ ತುರ್ಕರ ಫಿರಂಗಿಗಳು, ಮಷೀನ್‌ಗನ್ನುಗಳು. ಇವರ ಕೈಯಲ್ಲಿ ಭರ್ಜಿ, ಕತ್ತಿ. ಬೆಟ್ಟದ ಮೇಲಿನ ಫಿರಂಗಿಗಳನ್ನು ಅವರು ಹಿಡಿದೇಬಿಟ್ಟರು. ಊರು ಬ್ರಿಟಿಷರ ವಶವಾಯಿತು, 1948ರವರೆಗೂ ಅವರ ಆಡಳಿತದಲ್ಲೇ ಇತ್ತು.

ಆ ಕುದುರೆಗಳು ಬೆಟ್ಟ ಹತ್ತುತ್ತಿದ್ದ ಹೊತ್ತಿಗೆ, ಹೈಫಾ ಯಾರ ಪಾಲಿಗೆ ಅಂತ ಪತ್ರಿಕೆಯಲ್ಲಿ ಅಚ್ಚಾಗಿ ಆಗಲೇ ಹತ್ತು ತಿಂಗಳಾಗಿತ್ತು.

ನಮಸ್ಕಾರ.